ಎದುರಾಳಿ ಬರುವ ಪೀರಿಯಡ್ಡು

ಭೂಗೋಳದ ಮೇಷ್ಟ್ರಿಗೆ ಸಮರಕಲೆ ಬರುತ್ತದೆ ಎಂದು ಮೊದಲು ಹೇಳಿದವರು ಭೂಗೋಳದ ಮೇಷ್ಟ್ರೇ. ಆಮೇಲೆ ಹೇಳಿದವರೆಲ್ಲ ನಂಬಿಕೊಂಡು ಹೇಳಿದರು. ಅವರೊಬ್ಬರು ಮಾತ್ರ ನಂಬದೆ ಹೇಳಿದ್ದರು.

ಆಗಿದ್ದು ಹೀಗೆ. ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಬೆಂಚಿಗೆ ಅಂಟಿಕೊಂಡು ಕೂತು ಕೂತು ಬೆಂಚುಗಳೇ ಆಗಿಬಿಡುತ್ತಿದ್ದಾರೆ ಎಂಬ ಅನುಮಾನ ಮೇಲಿನವರಿಗೆ ಬಂತು. ಊಟದ ನಂತರದ ಪೀರಿಯಡ್ಡಿನಲ್ಲಿ ಪಾಠ ಬೇಡ, ಬೇಕಾದ ವಿದ್ಯೆಯನ್ನು ಮಕ್ಕಳೇ ಆರಿಸಿಕೊಂಡು ಕಲಿಯಲಿ ಎಂದು ಆದೇಶ ಕಳಿಸಿದರು. ಶಾಲೆಯ ದೊಡ್ಡ ಮೇಡಂ ಸ್ಟಾಫ್ ರೂಮಿಗೆ ಬಂದು ಹಂಚಲು ಶುರುಮಾಡಿದರು. ವಿಜ್ಞಾನದ ಮೇಡಂ ಕೈತೋಟ ಹಿಡಿದರು. ಹಾಡಿನ ಮೇಡಂ ಹಾಡು. ಗಣಿತದ ಮೇಷ್ಟ್ರು ಚದುರಂಗ ತೆಗೆದುಕೊಂಡರು, ಕೂತೇ ಆಡಿಸಬಹುದು ಎಂಬ ಒಂದೇ ಕಾರಣಕ್ಕೆ. ಉಳಿದದ್ದು ಸಮರಕಲೆ.

"ಮಕ್ಕಳು ಜಾಸ್ತಿ ಕೇಳಿರೋದು ಅದನ್ನೇ. ಯಾರಿಗಾದ್ರೂ ಬರುತ್ತಾ?" ಎಂದರು ದೊಡ್ಡ ಮೇಡಂ.

"ನಮ್ಮ ಭೂಗೋಳದವರಿದಾರಲ್ಲ ಮೇಡಂ," ಎಂದರು ಗಣಿತದ ಮೇಷ್ಟ್ರು. "ಮೊನ್ನೆ ಗೋಡೆಯಿಂದ ಭೂಪಟ ಬಿದ್ದಾಗ ಮೇಜಿನ ಕೆಳಗೆ ಹಾರಿದ್ರು ನೋಡಿ, ಎಂಥಾ ಕರಾಟೆಯವನೂ ನಾಚ್ಕೋಬೇಕು."

ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ಭೂಗೋಳದ ಮೇಷ್ಟ್ರೂ ಜೊತೆಗೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಆ ದಿನ ಬೆಳಗ್ಗೆ ಒಂದು ಮಾತು ಅವರ ಕಿವಿಗೆ ಬಿದ್ದಿತ್ತು. ಅವರ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಬೆಳಗ್ಗೆ ಅಪ್ಪ ರಸ್ತೆಯ ಈ ಬದಿ ನಡೆದರೆ ಅವಳು ಆ ಬದಿ ನಡೆಯುವಳು. ಅವತ್ತು ಅವಳ ಗೆಳತಿ ಇವರ ಕಡೆ ಕೈ ತೋರಿಸಿ "ಅವರು ನಿಮ್ಮಪ್ಪ ಅಲ್ವೇನೇ?" ಎಂದು ಕೇಳಿದ್ದಳು. ಮಗಳು ತಲೆ ಕೂಡ ಎತ್ತದೆ, "ಅವರಾ? ನಮ್ಮ ಓಣಿಯವರು" ಎಂದಿದ್ದಳು.

ಆ ಮಾತು ಬೆಳಗಿನಿಂದ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದೇ ಅವರ ಬಾಯಿಂದ ಹೊರಬಂತೋ ಏನೋ.

"ಚಿಕ್ಕಂದಿನಲ್ಲಿ ಸ್ವಲ್ಪ ಕಲ್ತಿದ್ದೆ," ಎಂದುಬಿಟ್ಟರು. "ಬಿಟ್ಟು ಬಹಳ ದಿನ ಆಯ್ತು."

ಗಣಿತದ ಮೇಷ್ಟ್ರ ನಗು ಅರ್ಧಕ್ಕೇ ನಿಂತು, ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು.

ಭೂಗೋಳದ ಮೇಷ್ಟ್ರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹುಡುಗನಾಗಿದ್ದಾಗ ಅವರ ಬೀದಿಯ ಕೊನೆಯಲ್ಲಿ ಸಮರಕಲೆಯ ಒಂದು ತರಬೇತಿ ಮನೆ ಇತ್ತು. ಒಂದು ಸಂಜೆ ಅದರ ಕಿಟಕಿಗೆ ಮೂಗು ಒತ್ತಿ ನೋಡಿದ್ದರು. ಒಳಗೆ ಹುಡುಗರು ಸಾಲಾಗಿ, ಕಣ್ಣು ಮುಚ್ಚಿ, ಅಲ್ಲಾಡದೆ ನಿಂತಿದ್ದರು. ಇನ್ನೇನು ಶುರುವಾಗುತ್ತದೆ, ಇನ್ನೇನು ಶುರುವಾಗುತ್ತದೆ ಎನ್ನುವಷ್ಟರಲ್ಲಿ ಅವರಮ್ಮ ಬಂದು ಕಿವಿ ಹಿಂಡಿ ಎಳೆದುಕೊಂಡು ಹೋದರು. ನಿಂತ ಮೇಲೆ ಆ ಹುಡುಗರು ಏನು ಮಾಡಿದರು ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರ ವಿದ್ಯೆಯೆಲ್ಲ ಅಷ್ಟೇ.

ತರಗತಿಗೆ ಕೊಟ್ಟದ್ದು ಹಳೇ ಹಾಲ್. ಶಾಲೆಯ ಹಿಂಬದಿಗೆ, ಮರದ ಹಲಗೆಯ ನೆಲ, ಮೇಲೆಲ್ಲೋ ಕಿಟಕಿಗಳು. ನಡುಮಧ್ಯಾಹ್ನದಲ್ಲೂ ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಬಟ್ಟೆ ತೊಳೆದ ನೀರಿನ ಬಣ್ಣದ ಒಂದು ಬೆಳಕು ಇರುತ್ತಿತ್ತು, ಅಷ್ಟೇ. ಮೂಲೆಯಲ್ಲಿ ಕಾಲು ಮುರಿದ ಬೆಂಚುಗಳ ರಾಶಿ. ಮುಂದೆ ಒಂದು ಮೇಜು. ಹಿಂದೊಂದು ಬಾಗಿಲು. ಬಾಗಿಲಾಚೆ ಒಂದು ಸಂದಿ, ಸಂದಿಯಾಚೆ ಟೀ ಅಂಗಡಿ.

ಮಕ್ಕಳು ಕೈಕಾಲು ಜಾಡಿಸುತ್ತಾ, "ಹೂ! ಹಾ!" ಎನ್ನುತ್ತಾ ಬಂದರು. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಸಮರಕಲೆ ಅಂದ್ರೆ ಒದೆಯೋದು ಅಂದ್ಕೊಂಡ್ರಾ? ಅದೆಲ್ಲ ಸಿನಿಮಾ. ಮೊದಲನೇ ಪಾಠ ನಿಲ್ಲೋದು. ಕಣ್ಣು ಮುಚ್ಚಿ. ಅಲ್ಲಾಡ್ಬಾರ್ದು."

"ಎಷ್ಟು ಹೊತ್ತು ಸರ್?" ಎಂದ ದರ್ಜಿಯ ಮಗ. ಇವನು ಮೇಷ್ಟ್ರ ಮನೆಯ ಮೇಲಿನ ಮಹಡಿಯ ಹುಡುಗ. ಊಟಕ್ಕೆ ಕೂತರೂ ಕಾಲು ಕುಣಿಸುವವನು.

"ಎದುರಾಳಿ ಬರೋ ತನಕ."

"ಯಾರು ಸರ್ ಎದುರಾಳಿ?"

"ಬಂದಾಗ ಗೊತ್ತಾಗುತ್ತೆ."

"ಬಂದು ಏನ್ಮಾಡ್ತಾನೆ?"

"ಎದುರಿಗೆ ನಿಲ್ತಾನೆ. ಯಾರು ಮೊದಲು ಅಲ್ಲಾಡ್ತಾರೋ ಅವರು ಸೋತ ಹಾಗೆ."

ಈ ಮಾತುಗಳು ಎಲ್ಲಿಂದ ಬಂದವೆಂದು ಮೇಷ್ಟ್ರಿಗೇ ಆಶ್ಚರ್ಯ. ಆದರೆ ಮಕ್ಕಳು ಕಣ್ಣು ಮುಚ್ಚಿದರು. ಹಾಲ್ ನಿಶ್ಶಬ್ದವಾಯಿತು. ನಿಶ್ಶಬ್ದದಲ್ಲಿ ನಿಂತ ಮೇಷ್ಟ್ರಿಗೆ ಇನ್ನು ತಾನೇನು ಮಾಡಬೇಕು ಎಂಬ ಗಾಬರಿ ಶುರುವಾಯಿತು. ಗಾಬರಿಯಾದಾಗ ಅವರಿಗೆ ಟೀ ಬೇಕು. ತುದಿಗಾಲಿನಲ್ಲಿ ಹಿಂದಿನ ಬಾಗಿಲಿಗೆ ಹೋಗಿ, ಅಗಳಿ ತೆಗೆದು, ಜಾರಿಕೊಂಡರು.

ಟೀ ಅಂಗಡಿಯ ಅಕ್ಕನಿಗೆ ಇವರ ಟೀ ಎಂದರೆ ತಲೆನೋವು. "ಅರ್ಧ ಚಮಚ ಸಕ್ಕರೆ ಹಾಕಿ ಅಕ್ಕಾ. ಆಮೇಲೆ ಚಮಚದ ತುದೀಲಿ ಒಂಚೂರು. ಅಯ್ಯೋ ಅಷ್ಟಲ್ಲ!"

"ಮೇಷ್ಟ್ರೇ, ನಾನಿಲ್ಲಿ ಟೀ ಮಾಡ್ತಿದೀನೋ ಔಷಧಿ ಅರೀತಿದೀನೋ?"

ಆ ಹದ ಅಕ್ಕನಿಗೂ ಸಿಕ್ಕಿರಲಿಲ್ಲ, ಮನೆಯಲ್ಲಿ ಹೆಂಡತಿಗೂ ಸಿಕ್ಕಿರಲಿಲ್ಲ. ಹೆಂಡತಿಯಂತೂ ಮದುವೆಯಾದ ಹೊಸತರಲ್ಲೇ ಸಕ್ಕರೆ ಡಬ್ಬಿಯನ್ನು ಇವರ ಮುಂದೆ ಕುಕ್ಕಿ ಕೈ ತೊಳೆದುಕೊಂಡಿದ್ದಳು.

ಟೀ ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ತುದಿಗಾಲಿನಲ್ಲಿ ಬಂದು ಮೊದಲಿನ ಜಾಗದಲ್ಲಿ ನಿಂತು, ಎಲ್ಲಿಗೂ ಹೋಗದವರ ಹಾಗೆ "ಹಾಂ, ಸಾಕು" ಎಂದರು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಎರಡನೇ ಪಾಠ ಗೊತ್ತಿಲ್ಲದ ಮೇಲೆ ಮೊದಲನೆಯದನ್ನೇ ಚೆನ್ನಾಗಿ ಮಾಡಿಸಬೇಕಲ್ಲ!

ಕೆಲವು ದಿನ ಕಳೆದಿರಬಹುದು. "ಹಾಂ, ಸಾಕು" ಎಂದಾಗ ದರ್ಜಿಯ ಮಗ ಕಣ್ಣು ಬಿಟ್ಟು, ಬಹಳ ಮೆಲ್ಲಗೆ ಹೇಳಿದ:

"ಇವತ್ತು ಬಂದಿದ್ರು ಸರ್."

"ಯಾರೋ?"

"ಎದುರಾಳಿ."

ಮಿಕ್ಕ ಮಕ್ಕಳು ನಗಲಿಲ್ಲ. "ನನ್ನ ಮುಂದೇನೂ ನಿಂತಿದ್ರು" ಎಂದಳೊಬ್ಬಳು. "ನಾನು ಅಲ್ಲಾಡ್ಲಿಲ್ಲ" ಎಂದ ಇನ್ನೊಬ್ಬ. ಯಾರೂ ಹೆದರಿದಂತೆ ಕಾಣಲಿಲ್ಲ. ಅದೇ ಮೇಷ್ಟ್ರಿಗೆ ಸ್ವಲ್ಪ ಹೆದರಿಕೆ ತಂದದ್ದು.

ಆಮೇಲೆ ಓಣಿಯಲ್ಲಿ ಗುಲ್ಲಾಯಿತು. ಮೊದಲು ಬಂದವರು ಮೇಲಿನ ಮಹಡಿಯ ದರ್ಜಿ. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಮೆಟ್ಟಿಲಿಳಿದು ಬಂದರು.

"ಮೇಷ್ಟ್ರೇ, ನನ್ನ ಮಗ ಅಂಗಡೀಲಿ ನಿಂತಿದ್ದ. ಬೊಂಬೆ ಅಂದ್ಕೊಂಡು ಕೋಟು ತೊಡಿಸಿದೆ. ಗುಂಡುಪಿನ್ನೂ ಚುಚ್ಚಿದೆ. ಅಲ್ಲಾಡ್ಲಿಲ್ಲ! ಗಿರಾಕಿ ಬಂದು ತೋಳು ಸ್ವಲ್ಪ ಗಿಡ್ಡ ಆಯ್ತು ಅಂತ ಎಳೆದು ನೋಡಿದ್ರು, ಆಗ್ಲೂ ಅಲ್ಲಾಡ್ಲಿಲ್ಲ!"

"ನೋವಾಯ್ತಂತಾ?" ಎಂದರು ಮೇಷ್ಟ್ರು ಅಳುಕುತ್ತಾ.

"ನೋವಂತೆ, ನೋವು! ಊಟಕ್ಕೆ ಕೂತ್ರೆ ಮೇಜು ಅಲುಗಾಡಿಸ್ತಿದ್ದ ಹುಡುಗ ಸ್ವಾಮೀ! ನಿಮ್ಮ ಕೈ ಕೊಡಿ ಇಲ್ಲಿ," ಎಂದು ದರ್ಜಿ ಕೈ ಹಿಡಿದು ಕುಲುಕಿದರು.

ಹಲ್ಲಿನ ಡಾಕ್ಟರು, ಈ ಶಾಲೆಯ ಮಕ್ಕಳ ಹಲ್ಲು ಕೀಳುವಾಗ ಯಾರೂ ಕೈಕಾಲು ಹಿಡಿದುಕೊಳ್ಳಬೇಕಾಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಕ್ಷೌರದ ಅಂಗಡಿಯವನು ಮೇಷ್ಟ್ರು ಬಂದರೆ ಎದ್ದು ನಿಲ್ಲತೊಡಗಿದ. ಒಬ್ಬ ತಾಯಿ ಒದ್ದೆ ಟವೆಲನ್ನು ಗೂಟಕ್ಕೆಂದು ತೂಗುಹಾಕಿ, ಆಮೇಲೆ ನೋಡಿದರೆ ಗೂಟಕ್ಕೆ ಕಿವಿಗಳಿದ್ದವು. ಹೆದರಿ ಕಿರುಚಿದರೂ, ಮರುದಿನ ತಮ್ಮ ಚಿಕ್ಕ ಮಗನನ್ನೂ ಕರೆದುಕೊಂಡು ಬಂದು ಈ ತರಗತಿಗೇ ಸೇರಿಸಿಹೋದರು. ಚದುರಂಗದ ಕೋಣೆ ಖಾಲಿಯಾಯಿತು. ಗಣಿತದ ಮೇಷ್ಟ್ರು ಬಿಳಿಯನ್ನೂ ಕರಿಯನ್ನೂ ತಾವೇ ನಡೆಸಿ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಯಾರೂ ಗಟ್ಟಿಯಾಗಿ ಆಡಲಿಲ್ಲ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಮಕ್ಕಳು ಅವರವರ ಗೇಟಿನ ಹತ್ತಿರ ಬಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾರೂ ಹೇಳಿರಲಿಲ್ಲ. ಮನೆಗಳು ಯಾವ ದಿಕ್ಕಿಗಿದ್ದರೂ ಮಕ್ಕಳ ಮುಖಗಳೆಲ್ಲ ಹಳೇ ಹಾಲಿನ ಕಡೆಗೇ ಇರುತ್ತಿದ್ದವು. ಬೀದಿನಾಯಿಗಳು ಅವರ ಹತ್ತಿರ ಬಂದಾಗ ಬಾಲ ಮಡಚಿ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದವು.

ಇದೆಲ್ಲದರ ನಡುವೆ ಮೇಷ್ಟ್ರ ಪಾಲಿಗೆ ಒಂದು ದೊಡ್ಡ ಸುಖ ಬಂದಿತ್ತು. ಮಗಳು ಹಾಡು ಬಿಟ್ಟು ಅಪ್ಪನ ತರಗತಿಗೆ ಸೇರಿದಳು. ಸೇರಿದ ಮರುದಿನದಿಂದಲೇ ರಸ್ತೆಯ ಈ ಬದಿಗೆ ಬಂದಳು. ಪಕ್ಕದಲ್ಲಿ ನಡೆಯುವುದಷ್ಟೇ ಅಲ್ಲ, ತಿರುವು ಬಂದರೆ ಶರ್ಟಿನ ತೋಳು ಹಿಡಿಯುವಳು. ಮೇಷ್ಟ್ರು ಎದೆ ಸೆಟೆಸಿ ನಡೆಯುತ್ತಿದ್ದರು. ಈ ಒಂದು ತೋಳಿಗಾಗಿ ಎಂಥ ಸುಳ್ಳನ್ನಾದರೂ ಸಾಕಬಹುದು ಎನಿಸುತ್ತಿತ್ತು.

ಆದರೂ ಎದುರಾಳಿಯ ವಿಷಯ ತಲೆ ಕೊರೆಯುತ್ತಿತ್ತು. ಒಂದು ದಿನ ಮಕ್ಕಳನ್ನು ಕೂರಿಸಿಕೊಂಡು ಕೇಳಿದರು:

"ಬಂದಿದ್ದು ಹೇಗೆ ಗೊತ್ತಾಗುತ್ತೆ ನಿಮಗೆ?"

"ಶೂ ಸದ್ದು ಸರ್. ಕಿರ್ರ್ ಅನ್ನುತ್ತೆ."

"ಉಸಿರಲ್ಲಿ ಟೀ ವಾಸನೆ ಸರ್."

ಮೇಷ್ಟ್ರು ತಮ್ಮ ಬಲಗಾಲಿನ ಶೂ ನೋಡಿಕೊಂಡರು. ಮೆಲ್ಲಗೆ ಒತ್ತಿದರು. ಕಿರ್ರ್. ಭೂಪಟದ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅಯ್ಯೋ ದೇವರೇ, ಎದುರಾಳಿ ನಾನೇ! ಟೀ ಕುಡಿದು ಕದ್ದು ಬರುವ ನನ್ನನ್ನೇ ಈ ಮಕ್ಕಳು!

ನಗು ನಿಂತ ಮೇಲೆ, ಖಾತ್ರಿ ಮಾಡಿಕೊಳ್ಳೋಣ ಎಂದು, ಮರುದಿನ ಟೀ ಕುಡಿಯಲಿಲ್ಲ. ಸಂದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲಿ ಬೆಕ್ಕಿನಂತೆ ಒಳಬಂದರು.

"ಹಾಂ, ಸಾಕು. ಇವತ್ತು ಯಾರೂ ಬರ್ಲಿಲ್ಲ ಅಲ್ವಾ?"

"ಬಂದಿದ್ರು ಸರ್," ಎಂದ ದರ್ಜಿಯ ಮಗ. "ಇವತ್ತು ತುಂಬಾ ಹೊತ್ತು ಇದ್ರು."

"ಶೂ ಸದ್ದು?"

"ಇತ್ತು ಸರ್."

"ಟೀ ವಾಸನೆ?"

"ಇತ್ತು ಸರ್."

ಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ, ಇಲ್ಲದ್ದೂ ಕೇಳುತ್ತದೆ ಎಂದು ಮೇಷ್ಟ್ರು ತಮಗೆ ತಾವೇ ವಿವರಿಸಿಕೊಂಡರು. ಭೂಗೋಳದ ಪಾಠದಲ್ಲಿ ಅರ್ಥವಾಗದ ಭಾಗ ಬಂದರೂ ಅವರು ಹೀಗೇ ವಿವರಿಸಿ ಮುಂದೆ ಹೋಗುವವರು.

ಅಷ್ಟರಲ್ಲಿ ದೊಡ್ಡ ಮೇಡಂ ಓಡಿಬಂದರು. "ಮೇಷ್ಟ್ರೇ, ನಾಳೆ ಇಲಾಖೆ ಸಾಹೇಬರು ಬರ್ತಿದಾರೆ. ಹಲ್ಲಿನ ಡಾಕ್ಟರು ಹೇಳಿದ್ರಂತೆ. ಚೆನ್ನಾಗಿದ್ರೆ ಎಲ್ಲಾ ಶಾಲೆಗೂ ಇದನ್ನೇ ಹಾಕ್ತಾರಂತೆ. ನೀವು ಎಲ್ಲಿ ಕಲ್ತಿದ್ದು, ಯಾರ ಹತ್ರ ಕಲ್ತಿದ್ದು ಅಂತಾನೂ ಕೇಳ್ತಾರೆ. ತಯಾರಾಗಿರಿ."

ಎಲ್ಲಿ ಕಲಿತದ್ದು? ಕಿಟಕಿಯ ಹೊರಗೆ. ಯಾರ ಹತ್ತಿರ? ಕಿವಿ ಹಿಂಡಿದ ಅಮ್ಮನ ಹತ್ತಿರ. ಆ ರಾತ್ರಿ ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ. ಕೆಲಸ ಹೋದರೆ ಹೋಗಲಿ. ನಾಲ್ಕು ಜನರ ಮುಂದೆ ಅಪ್ಪ ಸುಳ್ಳ ಎಂದು ಮಗಳಿಗೆ ಗೊತ್ತಾಗುವುದಿದೆಯಲ್ಲ, ಅದನ್ನು ಹೇಗೆ ತಾಳುವುದು? ಅವಳು ಮತ್ತೆ ರಸ್ತೆಯ ಆ ಬದಿಗೆ ಹೋಗುತ್ತಾಳೆ. ಬೇರೆಯವರಿಂದ ತಿಳಿಯುವ ಮೊದಲು ತಾನೇ ಹೇಳಿಬಿಡುವುದು ವಾಸಿ ಎಂದುಕೊಂಡರು.

ಬೆಳಗ್ಗೆ ದಾರಿಯಲ್ಲಿ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಹೇಳ್ಬೇಕು ಮಗಳೇ. ನನಗೆ ಸಮರಕಲೆ ಬರಲ್ಲ. ಒಂದು ಒದೆ ಕೂಡ ಬರಲ್ಲ."

"ಗೊತ್ತು ಅಪ್ಪಾ."

ಮೇಷ್ಟ್ರು ನಿಂತುಬಿಟ್ಟರು. "ಗೊತ್ತಾ?"

"ಸೇರಿದ ದಿನಾನೇ ಕಣ್ಣು ಬಿಟ್ಟು ನೋಡ್ದೆ. ಕೋಳಿ ಕದಿಯೋಕೆ ಹೋಗೋರ ಹಾಗೆ ಟೀ ಕುಡಿಯೋಕೆ ಹೋಗ್ತಿದ್ರಿ."

"ಹಾಗಾದ್ರೆ ಎದುರಾಳಿ ನಾನೇ ಅಂತಾನೂ ಗೊತ್ತಾಯ್ತು ನಿನಗೆ," ಎಂದರು ಮೇಷ್ಟ್ರು, ನಗಲು ನೋಡುತ್ತಾ.

ಮಗಳು ನಗಲಿಲ್ಲ. ತೋಳು ಹಿಡಿದುಕೊಂಡಳು. "ಹೋಗೋದು ನೀವು ಅಪ್ಪಾ. ಆದ್ರೆ ಮೊದಲು ವಾಪಸ್ ಬರೋದು ನೀವಲ್ಲ."

"ಮತ್ಯಾರು?"

"ನಿಮ್ಮ ಹಾಗೇ ಇರ್ತಾರೆ. ಅದೇ ಶರ್ಟು, ಅದೇ ಶೂ. ಒಬ್ಬೊಬ್ಬರ ಮುಂದೇನೂ ನಿಂತು ನೋಡ್ಕೊಂಡು, ಹಿಂದಿನ ಬಾಗಿಲಿಂದ ಹೊರಟೋಗ್ತಾರೆ. ಆಮೇಲೆ ನೀವು ಬರ್ತೀರಿ, ಬಾಯಿ ಒರೆಸ್ಕೊಂಡು."

"ನಾನೇ ಎರಡು ಸಲ ಬಂದಿರ್ತೀನೇನೋ..."

"ಅಲ್ಲಪ್ಪಾ. ನೀವು ತುದಿಗಾಲಲ್ಲಿ ಬರ್ತೀರಿ. ಅವರು ಹಾಗಲ್ಲ. ಮೇಷ್ಟ್ರ ಹಾಗೆ ನಡೀತಾರೆ."

ರಸ್ತೆಯಲ್ಲಿ ಬಿಸಿಲಿತ್ತು, ಗಾಡಿಗಳು ಓಡಾಡುತ್ತಿದ್ದವು, ತರಕಾರಿಯವಳು ಕೂಗುತ್ತಿದ್ದಳು. ಆದರೂ ಮೇಷ್ಟ್ರಿಗೆ ಬೆನ್ನಿನ ಮೇಲೆ ಯಾರೋ ತಣ್ಣೀರು ಬಿಟ್ಟ ಹಾಗಾಯಿತು.

"ನಿನಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ನಿಮ್ಮ ಜೊತೆ ನಡೆಯೋದು."

"ಅಪ್ಪ ಇದ್ರೆ ಧೈರ್ಯ ಅಂತಾನಾ?" ಮೇಷ್ಟ್ರ ದನಿ ಒದ್ದೆಯಾಯಿತು.

"ಅಯ್ಯೋ, ನಿಮಗೆ ಧೈರ್ಯ ಇರ್ಲಿ ಅಂತ! ದಾರೀಲಿ ಎದುರಾದ್ರೆ ನೀವೊಬ್ರೇ ಇದ್ರೆ ಓಡ್ಬಿಡ್ತೀರಿ. ಮೊದಲು ಅಲ್ಲಾಡಿದೋರು ಸೋತ ಹಾಗೆ ಅಂತ ನೀವೇ ಹೇಳಿದ್ದಲ್ವಾ?"

"ಸೋತ್ರೆ ಏನಾಗುತ್ತೆ?"

"ಅದನ್ನ ನೀವು ಹೇಳೇ ಇಲ್ಲ," ಎಂದಳು ಮಗಳು.

ಮಧ್ಯಾಹ್ನ ಸಾಹೇಬರು ಬಂದರು. ಸಾಹೇಬರಿಗಿಂತ ಸ್ವಲ್ಪ ಮೊದಲು ಅವರ ಹೊಟ್ಟೆ ಬಂತು. "ನಾನೂ ಕಾಲೇಜಲ್ಲಿದ್ದಾಗ ಬ್ಲ್ಯಾಕ್ ಬೆಲ್ಟು," ಎಂದು ಯಾರೂ ಕೇಳದಿದ್ದರೂ ತಿಳಿಸಿದರು. ಭೂಗೋಳದ ಮೇಷ್ಟ್ರು ಅವರ ಮುಖವನ್ನೇ ನೋಡಿದರು; ಅಲ್ಲಿ ತಮಗೆ ಚೆನ್ನಾಗಿ ಪರಿಚಯವಿದ್ದ ಒಂದು ಕಳವಳ ಕಂಡು ಕನಿಕರವಾಯಿತು.

ಹಾಲಿನ ತುಂಬ ತಾಯಂದಿರು, ತಂದೆಯರು, ಮೇಷ್ಟ್ರುಗಳು. ಹಿಂದಿನ ಬಾಗಿಲಿನಿಂದ ಬೀದಿನಾಯಿ ನುಗ್ಗದಿರಲಿ ಎಂದು ದೊಡ್ಡ ಮೇಡಂ ಅಗಳಿ ಹಾಕಿಸಿ, ಅದಕ್ಕೆ ಅಡ್ಡವಾಗಿ ಕುರ್ಚಿ ಇರಿಸಿ ದರ್ಜಿಯನ್ನು ಕೂರಿಸಿದ್ದರು. ಮೇಷ್ಟ್ರು ಆ ಕಡೆ ನೋಡಿದರು. ದರ್ಜಿ ಹೆಬ್ಬೆರಳೆತ್ತಿ ಹುರಿದುಂಬಿಸಿದರು. ಇವತ್ತು ಟೀ ಇಲ್ಲ.

"ಗುರುಗಳು ಎಲ್ಲಿ ನಿಲ್ತೀರಿ?" ಎಂದರು ಸಾಹೇಬರು.

ಮಗಳು ಸಾಲಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. ಮೇಷ್ಟ್ರು ಹೋಗಿ ಅವಳ ಪಕ್ಕದಲ್ಲಿ ನಿಂತರು.

"ನಾವೂ ಮುಚ್ಚೋಣ ಕಣ್ಣು," ಎಂದರು ಸಾಹೇಬರು ಉದಾರವಾಗಿ. ಎಲ್ಲರೂ ಮುಚ್ಚಿದರು.

ಇಷ್ಟು ದಿನ ಇದನ್ನು ಕಲಿಸಿದ ಮೇಷ್ಟ್ರು ಒಂದು ದಿನವೂ ತಾವು ನಿಂತಿರಲಿಲ್ಲ. ಕಣ್ಣು ಮುಚ್ಚಿದ ಮೇಲೆ ಹಾಲ್ ಇಷ್ಟು ದೊಡ್ಡದಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲು ತಾಯಂದಿರ ಬಳೆಗಳ ಸದ್ದು ನಿಂತಿತು. ಆಮೇಲೆ ಯಾರದೋ ಕೆಮ್ಮು ನಿಂತಿತು. ಆಮೇಲೆ ರಸ್ತೆಯ ಗಾಡಿಗಳೂ ನಿಂತವೋ ಎಂಬಂತೆ ಎಲ್ಲವೂ ದೂರವಾಯಿತು.

ಅಗಳಿ ಸರಿದ ಸದ್ದು.

ಕುರ್ಚಿಯ ಕಾಲುಗಳು ನೆಲದ ಮೇಲೆ ಎಳೆದಾಡಿದ ಸದ್ದು, ನಿಧಾನಕ್ಕೆ, ಮೇಲೆ ಕೂತವರಿಗೆ ತೊಂದರೆಯಾಗದ ಹಾಗೆ.

ಕಿರ್ರ್.

ತುದಿಗಾಲಲ್ಲ. ಪೂರ್ತಿ ಪಾದ ಊರಿ, ಹಲಗೆಗಳ ಮೇಲೆ, ಈ ಕೋಣೆ ನನ್ನದು ಎನ್ನುವವನ ನಡಿಗೆ. ಸಾಲಿನ ತುದಿಯಲ್ಲಿ ನಿಂತಿತು. ಮುಂದಿನ ಮಗುವಿಗೆ ಬಂತು. ನಿಂತಿತು. ಮತ್ತೆ ನಡೆಯಿತು. ನಡುವೆ ಒಮ್ಮೆ ಅತಿಥಿಗಳ ಕಡೆ ತಿರುಗಿದ ಹಾಗಾಯಿತು. ಅಲ್ಲಿಂದ ಯಾರೋ ಸಣ್ಣ ದನಿಯಲ್ಲಿ "ಅಮ್ಮಾ" ಎಂದರು. ಬ್ಲ್ಯಾಕ್ ಬೆಲ್ಟಿನ ದನಿ ಅದು.

ಕಿರ್ರ್. ಮೇಷ್ಟ್ರ ಎದುರಿಗೇ.

ಮುಖಕ್ಕೆ ಬೆಚ್ಚನೆಯ ಉಸಿರು ತಾಗಿತು. ಟೀ ವಾಸನೆ. ಭೂಗೋಳದ ಮೇಷ್ಟ್ರು ತಮ್ಮ ಜೀವಮಾನವೆಲ್ಲ ಸರಿದುಕೊಂಡೇ ಬಂದವರು: ರಸ್ತೆಯಲ್ಲಿ ಸ್ಕೂಟರಿಗೆ ಸರಿದರು, ಮನೆಯಲ್ಲಿ ಪೊರಕೆಗೆ ಸರಿದರು, ಸ್ಟಾಫ್ ರೂಮಿನಲ್ಲಿ ಗಣಿತಕ್ಕೆ ಸರಿದರು. ಮಂಡಿಗಳು ಈಗಲೂ ಹಳೇ ಅಭ್ಯಾಸದಂತೆ ಸರಿಯಲು ಸಿದ್ಧವಾದವು. ಆಗ ಒಂದು ಪುಟ್ಟ ಕಿರುಬೆರಳು ಬಂದು ಅವರ ಕಿರುಬೆರಳಿಗೆ ಕೊಂಡಿ ಹಾಕಿತು. ಅದೂ ನಡುಗುತ್ತಿತ್ತು.

ಮೇಷ್ಟ್ರು ಅಲ್ಲಾಡಲಿಲ್ಲ.

ಉಸಿರು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಒಂದು ನಿಟ್ಟುಸಿರಾಯಿತು. ತರಗತಿ ಮುಗಿದ ಮೇಲೆ ಭೂಪಟ ಸುತ್ತಿಡುವಾಗ ತಾವು ಬಿಡುವಂಥದ್ದೇ. ಹೆಜ್ಜೆಗಳು ದೂರವಾದವು. ಅಗಳಿ ಬಿತ್ತು.

ಕಣ್ಣು ಬಿಟ್ಟಾಗ ಸಾಹೇಬರು ದೊಡ್ಡ ಮೇಡಂ ಅವರ ಕೈಚೀಲವನ್ನು ಎದೆಗೆ ಅಪ್ಪಿಕೊಂಡಿದ್ದರು. ಗಣಿತದ ಮೇಷ್ಟ್ರು ಮುರಿದ ಬೆಂಚುಗಳ ರಾಶಿಯ ಕೆಳಗಿನಿಂದ ಹೊರಬರುತ್ತಿದ್ದರು. ದರ್ಜಿ ಕುರ್ಚಿಯ ಸಮೇತ ಹಾಲಿನ ಇನ್ನೊಂದು ಗೋಡೆಗೆ ಮುಖ ಮಾಡಿ ಕೂತಿದ್ದರು.

"ನಾನು ಅಲ್ಲಾಡ್ಲಿಲ್ಲ," ಎಂದರು ದರ್ಜಿ ಗೋಡೆಗೆ.

"ನಾನೂ ಇಲ್ಲ," ಎಂದರು ಸಾಹೇಬರು, ಕೈಚೀಲ ಹಿಂದಿರುಗಿಸುತ್ತಾ. "ಬಹಳ... ಬಹಳ ಪರಿಣಾಮಕಾರಿಯಾಗಿದೆ. ಎರಡನೇ ಪಾಠ ಯಾವಾಗ ಗುರುಗಳೇ?"

ಮೇಷ್ಟ್ರಿಗೆ ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ನನಗೆ ಗೊತ್ತಿಲ್ಲ ಸಾಹೇಬ್ರೇ. ನಾನು ಯಾರ ಹತ್ರಾನೂ ಕಲ್ತಿಲ್ಲ. ಮೊದಲನೇ ಪಾಠಾನೇ ಇವತ್ತು ಕಲ್ತಿದ್ದು."

ಸಾಹೇಬರ ಕಣ್ಣಲ್ಲಿ ನೀರಾಡಿತು. "ನೋಡಿ ಮೇಡಂ, ಎಂಥಾ ವಿನಯ! ದೊಡ್ಡ ವಿದ್ಯೆ ಇರೋರೇ ಹೀಗೆ ಮಾತಾಡೋದು," ಎಂದು ಹೇಳಿ ಬಹಳ ಬೇಗ ಹೊರಟುಹೋದರು.

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಮಗಳನ್ನು ಕರೆದುಕೊಂಡು ಟೀ ಅಂಗಡಿಗೆ ಹೋದರು.

"ಮತ್ತೊಂದಾ?" ಎಂದಳು ಅಕ್ಕ. "ಮಧ್ಯಾಹ್ನ ಕುಡಿದ್ರಿ, ಈಗ ತಾನೇ ಇನ್ನೊಂದು ಕುಡಿದು ಹೋದ್ರಿ. ಲೋಟ ಇನ್ನೂ ತೊಳೆದಿಲ್ಲ ನಾನು."

ಮೇಷ್ಟ್ರು ಲೋಟ ಮುಟ್ಟಿ ನೋಡಿದರು. ಬೆಚ್ಚಗಿತ್ತು.

"ಏನಾದ್ರೂ ಹೇಳಿದ್ನಾ... ಹೇಳಿದ್ನಾ ನಾನು?"

"ಹೇಳ್ದೆ ಏನು! ನಾಳೆ ಎರಡನೇ ಪಾಠ ಅಂದ್ರಿ. ಮುಖದ ಮೇಲೆ ಒಂದು ಕಳೆ ಇತ್ತು ಮೇಷ್ಟ್ರೇ. ಈಗ ನೋಡಿದ್ರೆ ಸುಣ್ಣ ಬಳಿದ ಹಾಗಿದೀರಿ."

ಮನೆಗೆ ಬಂದರೆ ಮನೆ ಎಂದಿನಂತಿರಲಿಲ್ಲ. ಏನು ಬದಲಾಗಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇವತ್ತು ಮಾಡುತ್ತೇನೆ, ನಾಳೆ ಮಾಡುತ್ತೇನೆ ಎಂದು ಅವರು ಎಷ್ಟೋ ಕಾಲದಿಂದ ಮುಂದೆ ಹಾಕುತ್ತಿದ್ದ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ.

"ಮಧ್ಯಾಹ್ನ ಬಂದು ನಲ್ಲಿ ಸರಿಮಾಡಿದ್ರಲ್ಲ, ಆ ಸ್ಪ್ಯಾನರು ಎಲ್ಲಿಟ್ರಿ?" ಎಂದಳು ಹೆಂಡತಿ. ಹಾಡಿನ ಧಾಟಿಯಲ್ಲಿತ್ತು ಅವಳ ಮಾತು. "ಬಂದು ಗೊಣಗದೆ ಕೆಲಸ ಮಾಡಿ ಹೋದ್ರಿ. ಮದುವೆ ಆದಾಗಿನಿಂದ ಇವತ್ತೇ ಕಣ್ರೀ ನೀವು ನಾನು ಹೇಳಿದ ಮಾತು ಕೇಳಿದ್ದು."

ಮೇಷ್ಟ್ರು ಮುಚ್ಚಿದ ನಲ್ಲಿಯ ಮುಂದೆ ನಿಂತು ಲೆಕ್ಕ ಹಾಕಿದರು. ಶಾಲೆ ಆ ಇನ್ನೊಬ್ಬನದಾಯಿತು. ಅಂಗಡಿಯ ಅಕ್ಕನಿಗೆ ಅವನ ಮುಖದಲ್ಲೇ ಕಳೆ ಕಂಡಿತು. ಹೆಂಡತಿಗೆ ಅವನೇ ವಾಸಿ. ಇನ್ನು ಉಳಿದವಳು ಮಗಳೊಬ್ಬಳೇ. ಅವಳನ್ನು ಕೇಳಲು ಬಾಯಿ ಬರಲಿಲ್ಲ.

ಮರುದಿನ ಊಟದ ನಂತರ ಮಕ್ಕಳು ಸಾಲಾಗಿ ನಿಂತಾಗ ಭೂಗೋಳದ ಮೇಷ್ಟ್ರು ಮುಂದಿನ ಮೇಜಿನ ಹತ್ತಿರ ಹೋಗಲೇ ಇಲ್ಲ. ಹಿಂದಿನ ಸಾಲಿನಲ್ಲಿ, ಒಂದು ಕಡೆ ಮಗಳು, ಅವಳ ಆಚೆ ಅವಳ ಗೆಳತಿ, ಇನ್ನೊಂದು ಕಡೆ ದರ್ಜಿಯ ಮಗ, ನಡುವೆ ತಾವು ನಿಂತು ಕಣ್ಣು ಮುಚ್ಚಿದರು. ದರ್ಜಿಯ ಮಗ ದೊಡ್ಡ ವಿದ್ಯಾರ್ಥಿಯ ಗತ್ತಿನಲ್ಲಿ "ಭುಜ ಸಡಿಲ ಬಿಡಿ ಸರ್" ಎಂದು ಪಿಸುಗುಟ್ಟಿದ. ಬಿಟ್ಟರು.

ಅಗಳಿ ಸರಿಯಿತು. ಕಿರ್ರ್, ಕಿರ್ರ್.

ಈ ಸಲ ಹೆಜ್ಜೆಗಳು ಯಾರ ಮುಂದೆಯೂ ನಿಲ್ಲಲಿಲ್ಲ. ನೇರವಾಗಿ ಮೇಜಿನವರೆಗೆ ಹೋದವು. ಮೇಜಿನ ಮೇಲೆ ಏನೋ ಇಟ್ಟ ಸಣ್ಣ ಸದ್ದು. ಗಂಟಲು ಸರಿಮಾಡಿಕೊಂಡ ಸದ್ದು. ಅದು ಮೇಷ್ಟ್ರಿಗೆ ತಮ್ಮ ಗಂಟಲಿನೊಳಗೇ ಕೇಳಿಸಿದಂತಾಯಿತು.

"ಹಾಂ," ಎಂದಿತು ಅವರದೇ ದನಿ, ಅವರಿಗೆ ಯಾವತ್ತೂ ಬಾರದ ನಿಶ್ಚಿಂತೆಯಲ್ಲಿ. "ಎರಡನೇ ಪಾಠ. ಕಣ್ಣು ಬಿಡಿ."

ಅಕ್ಕಪಕ್ಕದಲ್ಲಿ ಮಕ್ಕಳು ಕಣ್ಣು ಬಿಟ್ಟಿರಬೇಕು, ಉಸಿರುಗಳು ಬದಲಾದವು. ಮೇಷ್ಟ್ರು ಬಿಡಲಿಲ್ಲ. ರೆಪ್ಪೆಗಳನ್ನು ಇನ್ನಷ್ಟು ಬಿಗಿದರು. ಹೆಜ್ಜೆಗಳು ಹಿಂದಿನ ಬಾಗಿಲ ಕಡೆ, ಅವರ ಪಕ್ಕದಿಂದಲೇ, ಅವಸರವಿಲ್ಲದೆ ಹಾದುಹೋದವು.

ಗೆಳತಿಯ ಪಿಸುಮಾತು ಕೇಳಿಸಿತು: "ಅವರು ನಿಮ್ಮಪ್ಪ ಅಲ್ವೇನೇ?"

"ಅವರಾ?" ಎಂದಳು ಮಗಳು. "ನಮ್ಮ ಓಣಿಯವರು." ಕಿರುಬೆರಳು ಬಂದು ಕೊಂಡಿ ಹಾಕಿಕೊಂಡಿತು. "ನಮ್ಮಪ್ಪ ಇಲ್ಲಿದ್ದಾರಲ್ಲ."

ಆಗ ಮೇಷ್ಟ್ರು ಕಣ್ಣು ಬಿಟ್ಟರು. ಮುಂದೆ ಯಾರೂ ಇರಲಿಲ್ಲ. ಹಿಂದಿನ ಬಾಗಿಲು ಇನ್ನೂ ಮೆಲ್ಲಗೆ ಆಡುತ್ತಿತ್ತು. ಮೇಜಿನ ಮೇಲೆ ಒಂದು ಲೋಟ ಟೀ, ಹೊಗೆಯಾಡುತ್ತಾ.

"ಕುಡೀರಿ ಅಪ್ಪಾ, ಆರಿಹೋಗುತ್ತೆ," ಎಂದಳು ಮಗಳು. "ಇನ್ಮೇಲೆ ನೀವು ಹೊರಗೆ ಹೋಗೋದು ಬೇಡವಂತೆ."

ಮಕ್ಕಳೆಲ್ಲ ನೋಡುತ್ತಿದ್ದರು. ಮೇಷ್ಟ್ರು ಪೂರ್ತಿ ಪಾದ ಊರಿ ನಡೆದುಹೋಗಿ, ಲೋಟ ಎತ್ತಿ, ಒಂದು ಗುಟುಕು ಕುಡಿದರು.

ಸಕ್ಕರೆ ಹದವಾಗಿತ್ತು. ಆ ಹದ ಈ ಲೋಕದಲ್ಲಿ ಗೊತ್ತಿರುವುದು ಇಬ್ಬರಿಗೇ. ಅವರಲ್ಲೊಬ್ಬರು ಭೂಗೋಳದ ಮೇಷ್ಟ್ರು.